ಶನಿವಾರ ಬಿದ್ದ ಕ್ರಿಸ್‌ಮಸ್

ಬೂದಿಗೆರೆ

ಇಂಗ್ಲೆಂಡಿನಿಂದ ಬಂದ ಆ ಪತ್ರದಲ್ಲಿ ಆರು ಪ್ರಶ್ನೆಗಳಿದ್ದವು. ಒಂದೊಂದಕ್ಕೂ ಸಂಖ್ಯೆ ಹಾಕಿ, ಉತ್ತರ ಬರೆಯಲು ಕೆಳಗೆ ಎರಡೆರಡು ಗೆರೆ ಬಿಟ್ಟಿದ್ದರು. ಬರೆದವರು ಡೊರೊತಿ, ನನ್ನ ಅಕ್ಕನ ಮಗಳು ಸುಮಿತ್ರಾಳ ಅತ್ತೆ. ಡಿಸೆಂಬರ್ ಇಪ್ಪತ್ತೈದನೇ ತಾರೀಕು ತಮ್ಮ ಮನೆಗೆ ಕ್ರಿಸ್‌ಮಸ್ ಊಟಕ್ಕೆ ಬರಲಿರುವ ಅಕ್ಕ ಮತ್ತು ನಾನು ಏನು ತಿನ್ನುತ್ತೇವೆ, ಏನು ತಿನ್ನುವುದಿಲ್ಲ ಎಂದು ತಿಳಿದುಕೊಳ್ಳುವುದು ಅವರ ಉದ್ದೇಶ. ಊಟಕ್ಕೆ ಇನ್ನೂ ಒಂದು ತಿಂಗಳಿತ್ತು.

ಅಕ್ಕ ಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪ್ರಶ್ನೆಗಳನ್ನು ಓದಿ ಹೇಳಿದೆ.

"ಊಟಕ್ಕೆ ಕರೆಯಾಕೆ ಪ್ರಶ್ನೆಪತ್ರಿಕೆ ಕಳ್ಸವ್ರಾ?" ಅಂದಳು.

"ಏನೇನು ತಿನ್ನಲ್ಲ ಅಂತ ಕೇಳವ್ರೆ ಕಣಕ್ಕ."

"ದನ, ಹಂದಿ ಬಿಟ್ಟು ಎಲ್ಲಾ ತಿಂತಾಳೆ ಅಂತ ಬರಿ. ನೀನು ಪೇಪರ್ ಆಫೀಸ್ನಾಗೆ ಏನು ತಿಂತೀಯೋ ನಂಗೊತ್ತಿಲ್ಲ. ನನ್ನದು ಮಾತ್ರ ಬರಿ."

ಹಾಗೆಯೇ ಬರೆದೆ. ನಾನು ಬೆಂಗಳೂರಿನ ಒಂದು ಪತ್ರಿಕೆಯ ವರದಿಗಾರ. ಕೇಳಿದ್ದಕ್ಕೆ ಕೇಳಿದಷ್ಟು, ಖಚಿತವಾಗಿ ಉತ್ತರಿಸಿದ ತೃಪ್ತಿಯಿಂದ ಲಕೋಟೆ ಅಂಟಿಸಿದೆ.

ಈ ಪ್ರಯಾಣದ ಹಿನ್ನೆಲೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸುಮಿತ್ರಾ ನರ್ಸ್. ಐದು ವರ್ಷಗಳ ಹಿಂದೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೋದವಳು, ನಾಲ್ಕು ವರ್ಷಗಳ ಹಿಂದೆ ಅಲ್ಲಿಯ ಶಾಲಾ ಮಾಸ್ತರ ಆಂಡ್ರ್ಯೂನನ್ನು ರಿಜಿಸ್ಟರ್ ಮದುವೆಯಾದಳು. ಮನೆಗೆ ಬಂದದ್ದು ಫೋಟೋ ಮಾತ್ರ. ಭಾವ ರಾಮಯ್ಯನವರು ದೇವನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಫೋಟೋವನ್ನು ಒಮ್ಮೆ ನೋಡಿ, ಬಂದ ಕವರಿನಲ್ಲೇ ಮತ್ತೆ ಹಾಕಿ, ಕವರಿನ ಬಾಯಿ ಮಡಚಿಟ್ಟರು. ಆಮೇಲಿನ ಕಾಗದಗಳನ್ನೆಲ್ಲ ಸುಮಿತ್ರಾಳಿಗೆ ಬರೆಯುತ್ತಿದ್ದವನು ನಾನೇ. ಅವಳ ಉತ್ತರವನ್ನು ಅಕ್ಕ ನನ್ನಿಂದ ಓದಿಸಿಕೊಳ್ಳುತ್ತಿದ್ದಳು. ಆದರೆ ತನ್ನದಾಗಿ ಒಂದು ಮಾತನ್ನೂ ಬರೆಸುತ್ತಿರಲಿಲ್ಲ. ಆ ಕಡೆ ಡೊರೊತಿಯವರೂ ಮಗನ ಮದುವೆಗೆ ಹೋಗಿರಲಿಲ್ಲ.

ತೊಂಬತ್ತಮೂರರ ಸೆಪ್ಟೆಂಬರಿನಲ್ಲಿ ಗಂಡುಮಗು ಹುಟ್ಟಿತು. ಆಂಡ್ರ್ಯೂ ಮೂರು ಟಿಕೆಟ್ ಕಳಿಸಿದ. ಭಾವ, "ರಜೆ ಸಿಗಲ್ಲ, ನೀವಿಬ್ರೂ ಹೋಗ್ಬನ್ನಿ" ಅಂದರು. ಅವರಿಗೆ ರಜೆ ಇತ್ತೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೊರಡುವ ದಿನ ವಿಮಾನ ನಿಲ್ದಾಣದವರೆಗೆ ಬಂದು, ಅಕ್ಕನ ಚೀಲಕ್ಕೆ ಕಟ್ಟಿದ ಹಗ್ಗವನ್ನು ಎರಡು ಸಲ ಬಿಗಿದು ನೋಡಿದರು. ಮಗಳಿಗೆ ಏನು ಹೇಳಬೇಕೆಂದು ಅಕ್ಕ ಕೇಳಿದ್ದಕ್ಕೆ, "ಹಗ್ಗ ಬಿಚ್ಚೋವಾಗ ಹುಷಾರು" ಅಂದರು.

ಲಂಡನ್ ವಿಮಾನ ನಿಲ್ದಾಣ

ಅಕ್ಕನ ಚೀಲದಲ್ಲಿ ಬಾಣಂತಿಗೆಂದು ಮಾಡಿದ ಅಂಟಿನುಂಡೆ, ರಾಗಿಹಿಟ್ಟು, ಒಣಮೆಣಸಿನಕಾಯಿ, ಸಾಸಿವೆ, ಮೆಂತ್ಯ ಇದ್ದವು. ಕಸ್ಟಮ್ಸ್ ಅಧಿಕಾರಿ ಒಂದೊಂದನ್ನೇ ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಎತ್ತರದ, ನಿದ್ದೆಗೆಟ್ಟ ಮುಖದ ಮನುಷ್ಯ. ರಾಗಿಹಿಟ್ಟನ್ನು ಮೂಸಿದ. ಅಂಟಿನುಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಒಂದು ಕೊಡೋ ಅವ್ನಿಗೆ," ಅಂದಳು ಅಕ್ಕ. "ಬೆಳಗ್ಗಿಂದ ನಿಂತವ್ನೆ ಪಾಪ. ಬಾಯಿ ಬಿಟ್ಟು ಕೇಳಾಕೆ ನಾಚ್ಕೆ."

ಇದು ಲಂಚದಂತೆ ಕಾಣಬಹುದೆಂದು ಅವಳಿಗೆ ಪಿಸುಗುಟ್ಟಿದೆ.

"ಲಂಚ ಅಂದ್ರೆ ಎರಡು ಕೊಡ್ತಾರೆ. ಒಂದು ಕೊಟ್ರೆ ಮರ್ಯಾದೆ."

ಅಧಿಕಾರಿ, ಈ ತಾಯಿ ಏನು ಹೇಳುತ್ತಿದ್ದಾರೆ ಎಂದು ಕೇಳಿದ. ಹೆರಿಗೆಯಾದ ಮಗಳಿಗೆ ಮಾಡಿದ ಉಂಡೆ, ನಿಮಗೂ ಒಂದು ತೆಗೆದುಕೊಳ್ಳಿ ಎನ್ನುತ್ತಿದ್ದಾಳೆ ಎಂದೆ. ಅವನು ತಲೆ ಅಲ್ಲಾಡಿಸಿ, ಎಲ್ಲವನ್ನೂ ನಮಗಿಂತ ಚೆನ್ನಾಗಿ ಜೋಡಿಸಿ ಚೀಲ ಮುಚ್ಚಿಕೊಟ್ಟ. ಹಗ್ಗದ ಗಂಟು ಮಾತ್ರ ಅವನಿಗೆ ಬರಲಿಲ್ಲ. ಅದನ್ನು ಅಕ್ಕನೇ ಹಾಕಿದಳು.

ಅಲ್ಲಿಂದ ಉತ್ತರಕ್ಕೆ ರೈಲು. ಸುಮಿತ್ರಾಳ ಊರು ಯಾರ್ಕ್‌ಶೈರಿನ ಗುಡ್ಡಗಳ ನಡುವೆ, ಒಂದು ಕಾಲುವೆಯ ದಂಡೆಯ ಮೇಲಿದೆ. ಸೋಮವಾರ ಮಧ್ಯಾಹ್ನ ಅವಳು ಮಗುವನ್ನು ಎತ್ತಿಕೊಂಡು ಸ್ಟೇಷನ್ನಿನಲ್ಲಿ ನಿಂತಿದ್ದಳು, ಪಕ್ಕದಲ್ಲಿ ಆಂಡ್ರ್ಯೂ. ಅಕ್ಕ ಮೊದಲು ಮಗುವನ್ನು ತೆಗೆದುಕೊಂಡಳು. ಮಗುವಿನ ಹೆಸರು ರಾಬಿನ್. ಅಕ್ಕನಿಗೆ ಆ ಕ್ಷಣದಿಂದ ಅದು ಕೂಸು. ಆಮೇಲೆ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸಣ್ಣಗಾಗಿದ್ದೀಯ" ಅಂದಳು. ಐದು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅಷ್ಟೇ.

ಸುಮಿತ್ರಾ ಕೇಳಿದಳು: "ಅಪ್ಪ ಏನಂದ್ರು?"

"ಹುಷಾರಾಗಿ ಹೋಗ್ಬನ್ನಿ ಅಂದ್ರು."

ಬುಧವಾರ, ಮಾಂಸದಂಗಡಿ

ಇಲ್ಲಿ ಮಧ್ಯಾಹ್ನ ಮೂರೂವರೆ ಕಳೆಯುತ್ತಿದ್ದಂತೆ ಬೀದಿದೀಪಗಳು ಹೊತ್ತಿಕೊಳ್ಳುತ್ತವೆ. ಮೊದಲ ದಿನ ಅಕ್ಕ ಅದನ್ನು ಕರೆಂಟಿನವರ ದುಂದು ಎಂದುಕೊಂಡಳು. ಎರಡನೆಯ ದಿನ ನಿಜವಾಗಿಯೂ ಹೊತ್ತು ಮುಳುಗಿದ್ದನ್ನು ಕಂಡು ಸುಮ್ಮನಾದಳು. ಊಟ, ನಿದ್ದೆ ಎಲ್ಲ ಹಿಂದುಮುಂದಾಗಿ ನಮಗೆ ವಾರದ ಎಣಿಕೆಯೇ ತಪ್ಪಿಹೋಗಿತ್ತು.

ಕ್ರಿಸ್‌ಮಸ್ ಊಟಕ್ಕೆ ಡೊರೊತಿ ಹೆಬ್ಬಾತು ಹೇಳಿಟ್ಟಿದ್ದರು. ಅದನ್ನು ತರಲು ಬುಧವಾರ ಸುಮಿತ್ರಾ ನಮ್ಮನ್ನೂ ಅಂಗಡಿಗೆ ಕರೆದೊಯ್ದಳು. ಅಂಗಡಿಯ ಹೊರಗೆ ಮೂವತ್ತು ನಲವತ್ತು ಜನರ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ಒಬ್ಬರೂ ಮಾತಾಡುತ್ತಿಲ್ಲ.

ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮ ಕಡೆ ಮಾಂಸಕ್ಕೆ ನಿಲ್ಲುವ ಜನವನ್ನು ಕಂಡವರಿಗೆ ಇದು ಆಸ್ಪತ್ರೆಯ ಸಾಲಿನಂತೆ ತೋರುತ್ತದೆ. ಊರೊಳಗಾದರೆ ನಾಲ್ಕಾರು ಮನೆಯವರು ಸೇರಿ ಒಂದು ಮರಿ ಕೊಯ್ಯಿಸಿ, ಹೊಂಗೆ ಮರದ ಕೆಳಗೆ ಗುಡ್ಡೆ ಹಾಕುತ್ತಾರೆ. ಒಂದೊಂದು ಗುಡ್ಡೆಯಲ್ಲೂ ತೊಡೆ, ಈಲಿ, ಮೂಳೆ, ಕೊಬ್ಬು ಎಲ್ಲವೂ ಬರಬೇಕು. ಬರಲಿಲ್ಲವೆಂದು ಕೂಗಾಡುವುದೂ ಹಬ್ಬದ ಭಾಗ.

"ಯಾರಾದ್ರೂ ಸತ್ತವ್ರಾ?" ಅಕ್ಕ ಕೇಳಿದಳು.

"ಇಲ್ಲಮ್ಮ, ಇವ್ರು ಖುಷಿಯಾಗಿರೋದೇ ಹಿಂಗೆ," ಅಂದಳು ಸುಮಿತ್ರಾ.

ಅಂಗಡಿಯವನು ತಂದ ಹೆಬ್ಬಾತನ್ನು ಕಂಡು ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಕುರಿಮರಿ ಗಾತ್ರ ಐತಲ್ಲೇ! ಖಾರ ಎಲ್ಲಿಗಂತ ಹತ್ತುತ್ತೆ ಇದಕ್ಕೆ?"

"ಖಾರ ಹಾಕಲ್ಲಮ್ಮ."

"ಹಾಕಲ್ವಾ?" ಅಕ್ಕ ಹಕ್ಕಿಯನ್ನು ಮರುಕದಿಂದ ನೋಡಿದಳು. "ಆಗ್ಲಿ ಬಿಡು. ಕರೆದವ್ರ ಮನೇಲಿ ಕರೆದವ್ರ ಅಡುಗೆ. ತಿಂತೀನಿ."

ಆ ಮಾತಿಗೆ ಸುಮಿತ್ರಾಳ ಮುಖ ಅರಳಿತು. ವಾಪಸು ಬರುವಾಗ ಅಕ್ಕ ಮುಂದೆ ಹೋಗಲೆಂದು ಕಾದು ನನಗೆ ಹೇಳಿದಳು: "ಮಾವ, ಅವರಿಬ್ರೂ ಒಂದೇ ಟೇಬಲ್ಲಲ್ಲಿ ಕೂತು ಉಂಡುಬಿಟ್ರೆ ಸಾಕು ನಂಗೆ. ಬೇರೇನೂ ಬೇಡ. ಈ ಊಟ ಒಂದು ಸರಿಯಾಗಿ ಆಗ್ಲಿ."

ಗುರುವಾರ, ಡೊರೊತಿಯವರ ಅಡುಗೆಮನೆ

ಡೊರೊತಿ ಅರವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು. ಮೂವತ್ತು ವರ್ಷ ಶಾಲೆಯೊಂದರ ಅಡುಗೆಮನೆ ನಡೆಸಿದವರು. ಅವರ ಬೀರುವಿನ ಬಾಗಿಲಿಗೆ ದೊಡ್ಡ ಹಾಳೆಯೊಂದನ್ನು ಅಂಟಿಸಿದ್ದರು. ಎಡಕ್ಕೆ ಗಂಟೆ, ಬಲಕ್ಕೆ ಕೆಲಸ. ಎಂಟು ಹತ್ತಕ್ಕೆ ಒಲೆ. ಎಂಟೂವರೆಗೆ ಹೆಬ್ಬಾತು ಒಳಗೆ. ಹನ್ನೊಂದೂ ಮುಕ್ಕಾಲಿಗೆ ಅದರ ಕೊಬ್ಬಿನಲ್ಲಿ ಆಲೂಗೆಡ್ಡೆ. ಒಂದು ಗಂಟೆಗೆ ಎಲ್ಲರೂ ಮೇಜಿಗೆ. ಮೂರು ಗಂಟೆಗೆ, ಪಾತ್ರೆ ತೊಳೆದಾದ ಮೇಲೆ, ಟೀವಿಯಲ್ಲಿ ರಾಣಿಯ ಭಾಷಣ. ಈ ಸಮಯಗಳು ತಾನು ಹುಟ್ಟಿದಾಗಿನಿಂದ ಬದಲಾಗಿಲ್ಲ ಎಂದು ಆಂಡ್ರ್ಯೂ ಹೇಳಿದ.

ಅಕ್ಕ ಹಾಳೆಯನ್ನು ಓದಿ ಹೇಳೆಂದಳು. ಓದಿದೆ.

"ರೈಲ್ವೆ ಟೈಂಟೇಬಲ್ ಇದ್ದಂಗೈತೆ," ಅಂದಳು. ಮೆಚ್ಚುಗೆಯ ಮಾತು ಅದು. ಅಕ್ಕನೂ ನೂರಾರು ಎಲೆಗಳ ಮದುವೆ ಅಡುಗೆಗೆ ನಿಂತವಳು. "ಅಚ್ಚುಕಟ್ಟು ಹೆಂಗ್ಸು. ಅದಿರ್ಲಿ, ಮೇಲೆ ದಪ್ಪಕ್ಷರದಾಗೆ ಬರೆದವ್ರಲ್ಲ, ಅದೇನು?"

"ಶನಿವಾರ, ಡಿಸೆಂಬರ್ ಇಪ್ಪತ್ತೈದು."

ಚಹಾದ ಬಟ್ಟಲು ಅವಳ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು.

"ಶನಿವಾರವಾ?"

"ಹೂಂ. ನಾಡಿದ್ದು."

"ಎಲ್ರೂ ತಾರೀಕು ತಾರೀಕು ಅಂದ್ರಿ. ವಾರ ಯಾರೂ ಹೇಳ್ಲಿಲ್ವಲ್ಲೋ." ಬಟ್ಟಲನ್ನು ಕೆಳಗಿಟ್ಟಳು. "ನಾನು ಶನಿವಾರ ಬಾಡು ಮುಟ್ಟಲ್ಲ. ಬಾಡು ಬೇಯ್ಸಿದ ಪಾತ್ರೇಲಿ ಬೆಂದಿದ್ದೂ ಮುಟ್ಟಲ್ಲ. ಹಗಲೊತ್ತು ಏನೂ ಉಣ್ಣಲ್ಲ."

ನಮ್ಮಲ್ಲಿ ಒಬ್ಬೊಬ್ಬರ ಮನೆಗೆ ಒಂದೊಂದು ವಾರ. ಆ ದಿನ ಬಾಡಿಲ್ಲ, ಮಾಂಸದ ಅಡುಗೆಯೇ ಇಲ್ಲ. ಇದು ಎಷ್ಟು ಸಹಜವೆಂದರೆ, ಏನು ತಿನ್ನುವುದಿಲ್ಲ ಎಂದು ಕೇಳಿದರೆ ಪದಾರ್ಥದ ಹೆಸರು ಹೇಳುತ್ತೇವೆಯೇ ಹೊರತು ದಿನದ ಹೆಸರು ಯಾರಿಗೂ ಹೊಳೆಯುವುದಿಲ್ಲ. ಡೊರೊತಿಯ ಆರು ಪ್ರಶ್ನೆಗಳಲ್ಲಿ 'ಯಾವಾಗ' ಎಂಬುದಿರಲಿಲ್ಲ. ಅದನ್ನು ಸೇರಿಸಬೇಕಾಗಿದ್ದವನು ನಾನು. ಅಕ್ಕನ ಮನೆಯ ವಾರ ಸೋಮವಾರವೆಂದು ನನಗೆ ಗೊತ್ತಿತ್ತು, ಶನಿವಾರದ ಸುದ್ದಿ ಗೊತ್ತಿರಲಿಲ್ಲ ನಿಜ. ಆದರೆ ಕೇಳಿರಲೂ ಇಲ್ಲ.

ಅಕ್ಕನ ಮುಖ ನೋಡಿ ಡೊರೊತಿ, ಏನಂತೆ ಎಂದರು.

ಸುಮಿತ್ರಾ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದಳು: "ನಿಮ್ಮ ಅಡುಗೆಮನೆ ತುಂಬ ಚೆನ್ನಾಗಿದೆ ಅಂತಿದ್ದಾಳೆ."

ಡೊರೊತಿ ಸಂತೋಷದಿಂದ ಅಕ್ಕನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಮನೆಗೆ ಬಂದ ಕೂಡಲೇ ಸುಮಿತ್ರಾ ತಾಯಿಯ ಎದುರು ನಿಂತಳು. "ಅಮ್ಮ, ನಮ್ಮನೇದು ಸೋಮವಾರ ಅಲ್ವಾ? ಶನಿವಾರ ಯಾವಾಗಿಂದ ಶುರುವಾಯ್ತು?"

"ಆಯ್ತು."

"ಯಾಕೆ?"

"ದೇವ್ರಿಗೆ. ಇನ್ಯಾಕೆ?"

"ನಾಲ್ಕು ವರ್ಷ ಕ್ರಿಸ್‌ಮಸ್ ದಿನ ಆಂಡ್ರ್ಯೂ ಒಬ್ನೇ ಅವರಮ್ಮನ ಮನೆಗೆ ಹೋಗ್ತಿದ್ದ, ಗೊತ್ತಾ ನಿಂಗೆ? ನನ್ನ ಕರೀತಿರ್ಲಿಲ್ಲ. ಯಾರಾದ್ರೂ ಕೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ ನಾನೇ ಡ್ಯೂಟಿ ಹಾಕಿಸ್ಕೊತಿದ್ದೆ. ಈ ವರ್ಷ ಅವರೇ ಫೋನ್ ಮಾಡಿ, ಮಗು ಕರ್ಕೊಂಡು ಬಾ, ನಿಮ್ಮಮ್ಮನೂ ಬರ್ಲಿ ಅಂದ್ರು. ಒಂದು ತಿಂಗಳಿಂದ ಪ್ಲಾನ್ ಮಾಡವ್ರೆ. ಅಲ್ಲಿ ಬಂದು ತಟ್ಟೆ ಮುಂದೆ ಸುಮ್ನೆ ಕೂತ್ಕೊತೀಯಾ? ನನ್ನ ಮನೆಯೋರು ಅವ್ರ ಊಟ ತಳ್ಳಿಬಿಟ್ರು ಅಂತ ಆಗುತ್ತೆ ಅಷ್ಟೇ."

ಅಕ್ಕ ಮಗುವಿನ ಬಟ್ಟೆ ಮಡಚುತ್ತಿದ್ದಳು.

"ಈ ಮದ್ವೆ ನಿಂಗಿಷ್ಟ ಇಲ್ಲ, ಅಪ್ಪಂಗೂ ಇಷ್ಟ ಇಲ್ಲ. ಹಂಗಂತ ನೇರವಾಗಿ ಹೇಳ್ಬಿಡು. ಶನಿದೇವ್ರನ್ನ ಯಾಕೆ ಮಧ್ಯಕ್ಕೆ ತರ್ತೀಯ?"

ಮಗು ಎಚ್ಚರವಾಗಿ ಅತ್ತಿತು. ಸುಮಿತ್ರಾ ಒಳಗೆ ಹೋದಳು. ಅಕ್ಕ ಶಾಲು ಹೊದ್ದು, "ನಡಿಯಪ್ಪಾ, ಒಂದಿಷ್ಟು ದೂರ ಹೋಗ್ಬರಾನ" ಅಂದಳು.

ಕಾಲುವೆಯ ದಂಡೆಯಲ್ಲಿ ನಡೆದೆವು. ನೀರಿನ ಅಂಚು ತೆಳ್ಳಗೆ ಹೆಪ್ಪುಗಟ್ಟಿತ್ತು. ಎದುರಿಗೆ ಬಂದವರೆಲ್ಲ ಹವಾಮಾನದ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಿದ್ದರು. ಅಕ್ಕ ಎಲ್ಲರಿಗೂ "ಹೂಂ" ಅನ್ನುತ್ತಿದ್ದಳು.

"ಐದ್ನೇ ತಿಂಗಳಲ್ಲಿ ಅವ್ಳಿಂದ ಒಂದು ಕಾಗದ ಬಂದಿತ್ತಲ್ಲ," ಅಂದಳು. "ನೀನೇ ಓದಿದ್ದು. ರಕ್ತ ಹೋಗ್ತೈತೆ, ಡಾಕ್ಟ್ರು ಮಲಗ್ಸವ್ರೆ ಅಂತ."

ನೆನಪಿತ್ತು. ಅದನ್ನು ಓದುವಾಗ, ಮಗು ಉಳಿಯುತ್ತದೋ ಇಲ್ಲವೋ ಎಂಬ ಒಂದು ಸಾಲು ಬಿಟ್ಟು ಓದಿದ್ದೆ. ಬಿಟ್ಟದ್ದನ್ನು ಅಕ್ಕ ನನ್ನ ಮುಖದಿಂದಲೇ ತಿಳಿದುಕೊಂಡಿದ್ದಳು.

"ಆ ಶನಿವಾರ ನಮ್ಮೂರ ಕಡೆ ಮಧುರೆ ಗುಡಿಗೆ ಹೋಗಿ ಶನಿಮಹಾತ್ಮಂಗೆ ಹರಕೆ ಆಯ್ತು. ಕೂಸು ಉಳೀಲಿ. ಅದನ್ನ ಕರ್ಕೊಂಡು ಬಂದು ಮುಡಿ ಕೊಡೋವರ್ಗೂ ಶನಿವಾರ ಒಂದೇ ಹೊತ್ತು, ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ. ಹಸಿರು, ಕಾಳು, ಉಪ್ಪಿಟ್ಟು. ಅಷ್ಟೇ."

"ಇದನ್ನ ಸುಮಿಗೆ ಹೇಳಕ್ಕೇನಕ್ಕ?"

"ಮೂರು ತಿಂಗಳ ಬಾಣಂತಿ. ಆಗಿನ ದಿಗಿಲೆಲ್ಲ ಮತ್ತೆ ನೆನೆಸ್ಕೊಂಡು ಈಗ ಕೂತು ಹೆದರ್ತಾಳೆ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದಳು: "ನಾಲ್ಕು ವರ್ಷ ಒಂದು ಕಾಗದಕ್ಕೆ ನನ್ನ ಹೆಸರು ಹಾಕಿಸ್ಲಿಲ್ಲ ನಾನು. ಈಗ, ನಿಂಗೋಸ್ಕರ ಹಸ್ಕೊಂಡಿದ್ದೆ ಕಣೇ ಅಂತ ಯಾವ ಬಾಯಲ್ಲಿ ಹೇಳ್ಲಿ? ಸುಮಿಗೆ ಹೇಳ್ಬೇಡ ನೀನು."

ಹೇಳುವುದಿಲ್ಲ ಎಂದೆ.

ಶುಕ್ರವಾರ, ಹೊತ್ತು ಮುಳುಗುವ ಮುಂಚೆ

ಸುಮಿತ್ರಾಳಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಡೊರೊತಿಯ ಬಗ್ಗೆ ಮಾತು ಕೊಟ್ಟಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಒಬ್ಬನೇ ನಡೆದುಕೊಂಡು ಅವರ ಮನೆಗೆ ಹೋದೆ.

ಅಡುಗೆಮನೆಯಲ್ಲಿ ಹೆಬ್ಬಾತು ಉಪ್ಪು ಸವರಿಸಿಕೊಂಡು ತಟ್ಟೆಯಲ್ಲಿ ಕೂತಿತ್ತು. ನಿಮ್ಮ ಪತ್ರಕ್ಕೆ ನಾನು ಕೊಟ್ಟ ಉತ್ತರದಲ್ಲಿ ಒಂದು ತಪ್ಪಿದೆ, ಅದು ಪೂರ್ತಿ ನನ್ನದು, ಅಕ್ಕನದಲ್ಲ, ನಿಮ್ಮ ಸೊಸೆಯದೂ ಅಲ್ಲ ಎಂದು ಶುರು ಮಾಡಿದೆ. ಕಾಗದ, ರಕ್ತಸ್ರಾವ, ಹರಕೆ, ಪಾತ್ರೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಡೊರೊತಿ ನಿಂತೇ ಕೇಳಿದರು.

"ಆ ದಿನಗಳಲ್ಲಿ ನಾನು ಅವಳನ್ನು ನೋಡಲು ಹೋಗಲಿಲ್ಲ," ಅಂದರು ಕೊನೆಗೆ. "ಅವಳ ಆಸ್ಪತ್ರೆ ಇಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷ."

ತಟ್ಟೆಯ ಅಂಚಿಗೆ ಚೆಲ್ಲಿದ್ದ ಉಪ್ಪನ್ನು ಬೆರಳಿನಿಂದ ಒರೆಸಿ, ಮತ್ತೆ ಕೇಳಿದರು:

"ಹಾಗಾದರೆ ಮೇ ತಿಂಗಳಿನಿಂದ ಪ್ರತಿ ಶನಿವಾರ?"

"ಪ್ರತಿ ಶನಿವಾರ."

"ಹೊತ್ತು ಮುಳುಗಿದ ಮೇಲೆ ಊಟ ಅಂದಿರಿ. ಯಾವ ಊರಿನ ಹೊತ್ತು? ನಿಮ್ಮದೋ, ನಮ್ಮದೋ?"

ಇಂಥ ಪ್ರಶ್ನೆ ಅದುವರೆಗೆ ನನಗೆ ಎದುರಾಗಿರಲಿಲ್ಲ. ಯೋಚಿಸಿ, "ಇರುವ ಊರಿನದೇ ಇರಬೇಕು" ಎಂದೆ.

ಡೊರೊತಿ ಕಿಟಕಿಯ ಕಡೆ ನೋಡಿದರು. ಗುಡ್ಡದ ಹಿಂದೆ ಸೂರ್ಯ ಆಗಲೇ ಅರ್ಧ ಇಳಿದಿದ್ದ. ಗೋಡೆ ಗಡಿಯಾರದಲ್ಲಿ ಮೂರೂವರೆ ಕಳೆದು ಐದು ನಿಮಿಷ. ಅವರು ಬೀರುವಿನ ಬಾಗಿಲಿನಿಂದ ಹಾಳೆಯನ್ನು ಕಿತ್ತು ಮೇಜಿನ ಮೇಲೆ ಹರಡಿ, ಪೆನ್ಸಿಲ್ ತೆಗೆದುಕೊಂಡು ಮೊದಲಿನ ಸಾಲಿನಿಂದ ಪ್ರತಿಯೊಂದು ಗಂಟೆಯನ್ನೂ ಹೊಡೆದುಹಾಕುತ್ತ ಪಕ್ಕದಲ್ಲಿ ಮೂರು ಗಂಟೆ ಸೇರಿಸಿ ಬರೆದರು. ಎಂಟು ಹತ್ತು ಇದ್ದದ್ದು ಹನ್ನೊಂದು ಹತ್ತಾಯಿತು. ಒಂದು ಗಂಟೆ ನಾಲ್ಕಾಯಿತು. ಮೂರಕ್ಕೇ ಉಳಿದ ರಾಣಿಯ ಭಾಷಣ ಊಟಕ್ಕಿಂತ ಮೊದಲಿಗೆ ಬಂತು. ಅಲ್ಲಿ ಮಾತ್ರ ಪೆನ್ಸಿಲ್ ಒಂದು ಗಳಿಗೆ ನಿಂತಿತು.

"ಉಪ್ಪಿಟ್ಟು ಅಂದಿರಲ್ಲ, ಅದನ್ನು ಯಾವುದರಿಂದ ಮಾಡುತ್ತಾರೆ?"

ಗೋಧಿಯ ತರಿ ಎಂದು ವಿವರಿಸಿದೆ. ಬೀರುವಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಸಾಕ್ಷಾತ್ ರವೆ. ಇದನ್ನು ಹಾಲು ಸಕ್ಕರೆಯಲ್ಲಿ ಬೇಯಿಸಿ ಶಾಲೆಯಲ್ಲಿ ಬಡಿಸುತ್ತಿದ್ದರಂತೆ. "ಮೂವತ್ತು ವರ್ಷ ಮಕ್ಕಳು ನನ್ನನ್ನು ಬೈದದ್ದು ಇದಕ್ಕೇ. ಉಪ್ಪು ಹಾಕಬಹುದೆಂದು ಯಾರೂ ಹೇಳಲಿಲ್ಲ."

ಆಮೇಲೆ ಕೋಟು ಹ್ಯಾಟು ಹಾಕಿಕೊಂಡರು. ಅಂಗಡಿಗಳು ಬಾಗಿಲು ಹಾಕುವ ಮೊದಲು ಒಂದು ಸಾಮಾನು ತರಬೇಕು ಎಂದು, ನನ್ನನ್ನು ಬೀದಿಯಲ್ಲೇ ಬಿಟ್ಟು ದಡದಡನೆ ಹೊರಟುಹೋದರು.

ಇದನ್ನು ಸುಮಿತ್ರಾಳಿಗೆ ತಿಳಿಸಬೇಡಿ ಎಂದು ನಾನು ಅವರಿಗೆ ಹೇಳಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗಲೂ ಖಚಿತವಾಗಿ ಹೇಳಲಾರೆ.

ಸಂಜೆ ಫೋನ್ ಬಂತು. ಊಟ ನಾಲ್ಕು ಗಂಟೆಗೆ, ಸುಮಿತ್ರಾಳ ತಾಯಿ ಎರಡೂವರೆಗೇ ಅಡುಗೆಮನೆಗೆ ಬರಲಿ. ಕಾರಣ ಹೇಳಲಿಲ್ಲ. ಆಂಡ್ರ್ಯೂ ಫೋನ್ ಕೆಳಗಿಟ್ಟು ಬಹಳ ಹೊತ್ತು ಅದನ್ನೇ ನೋಡಿದ. "ಅಪ್ಪ ಬದುಕಿದ್ದಾಗ ಒಂದು ವರ್ಷ ಅವರ ರೈಲು ಎರಡು ಗಂಟೆ ತಡವಾಗಿತ್ತು," ಅಂದ. "ಅಮ್ಮ ಒಂದು ಗಂಟೆಗೇ ಬಡಿಸಿದ್ದಳು."

ಸುಮಿತ್ರಾ ನನ್ನ ಕಡೆ ತಿರುಗಿದಳು. "ಮಾವ, ನೀವೇನಾದ್ರೂ ಹೇಳಿದ್ರಾ? ಅವ್ರಿಗೆ ಬೇಜಾರಾಗಿದ್ಯಾ?"

"ತಪ್ಪು ನಂದು ಅಂತ ಹೇಳ್ದೆ ಕಣವ್ವ. ಬೇಜಾರಾದಂಗೆ ಕಾಣ್ಲಿಲ್ಲ."

ಅವಳು ನಂಬಲಿಲ್ಲ. ತಾಯಿಯೊಂದಿಗೆ ಆ ದಿನವೆಲ್ಲ ಮಾತಾಡಿರಲಿಲ್ಲ.

ಶನಿವಾರ

ಒಲೆಯ ಮೇಲೆ ಹೊಚ್ಚಹೊಸ ಬಾಣಲೆಯಿತ್ತು. ಅಂಗಡಿಯ ಚೀಟಿ ಇನ್ನೂ ಅದರ ಹಿಡಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಹೊಸ ಮರದ ಸೌಟು, ಮುಚ್ಚಳ ತೆರೆಯದ ಎಣ್ಣೆ ಸೀಸೆ, ರವೆಯ ಪೊಟ್ಟಣ. ಅಕ್ಕ ಒಂದೊಂದನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹೇಳ್ಬಿಟ್ಟೆಯಾ?"

"ಸುಮಿಗೆ ಹೇಳಿಲ್ಲಕ್ಕ."

"ಪೇಪರ್ನೋನಿಗೆ ಗುಟ್ಟು ಹೇಳ್ದೆ ನೋಡು, ನನ್ನ ಬುದ್ಧಿಗಿಷ್ಟು," ಅಂದಳು. ಆದರೆ ಬಾಣಲೆಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಕೀಳುತ್ತಿದ್ದಳು.

ಅಡುಗೆಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ಅನುವಾದಕ್ಕೂ ಕರೆಯಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಅಕ್ಕ ಸಾಸಿವೆ ಸಿಡಿಸಿದಾಗ ಡೊರೊತಿ ಬೆಚ್ಚಿ ಮುಚ್ಚಳ ತಂದರು. ಅಕ್ಕ, ಬೇಡವೆಂದು ಕೈಯಾಡಿಸಿದಳು. ಒಣಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮಿದರು. ಡೊರೊತಿ ಹಸಿರು ಬಟಾಣಿ ಅಳೆದು ಕೊಟ್ಟರೆ ಅಕ್ಕ ಅಳತೆ ನೋಡದೆ ಸುರಿದಳು. ಹೆಬ್ಬಾತಿನ ಕೊಬ್ಬನ್ನು ಬಗ್ಗಿಸುವಾಗ ತಟ್ಟೆಯ ಇನ್ನೊಂದು ತುದಿ ಹಿಡಿಯಲು ಅಕ್ಕ ಕೈ ಚಾಚಿದಳು. ಡೊರೊತಿ ತಲೆ ಅಲ್ಲಾಡಿಸಿ, ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಇವತ್ತು ಇದನ್ನು ಮುಟ್ಟಬಾರದು ಎಂದು ಅಕ್ಕನಿಗೇ ಅವರು ನೆನಪಿಸುವಂತಾಯಿತು.

ಮೂರು ಗಂಟೆಗೆ ಟೀವಿಯ ಮುಂದೆ ಕೂತೆವು. ಮೂರೂ ಮುಕ್ಕಾಲು ದಾಟಿ ಹೊತ್ತು ಮುಳುಗಿತು. ಮೇಜಿನ ಮೇಲಿನ ಮೇಣದ ಬತ್ತಿಗಳನ್ನು ಹಚ್ಚಲು ಆಂಡ್ರ್ಯೂ ಕಡ್ಡಿ ಗೀರಿದಾಗ ಡೊರೊತಿ ಅದನ್ನು ಅವನಿಂದ ತೆಗೆದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಎರಡು ಬತ್ತಿ ಹಚ್ಚಿ, ಕೈಮುಗಿದು, ಕುರ್ಚಿಯಲ್ಲಿ ಕೂತಳು. ತಟ್ಟೆ ಎಲ್ಲರದೂ ಒಂದೇ ಥರದ್ದು, ಹಿಂದೆ ಯಾವ್ಯಾವ ಊಟ ಕಂಡಿತ್ತೋ. ಆ ಬಗ್ಗೆ ಅಕ್ಕ ಕೇಳಲಿಲ್ಲ. ಹರಕೆಯ ನಿಯಮವನ್ನು ಅವಳು ಅಷ್ಟರ ಮಟ್ಟಿಗೆ ಸಡಿಲಿಸಿದ್ದನ್ನು ನಾನು ಗಮನಿಸಿದೆ.

ಮೇಜಿನ ಒಂದು ತುದಿಗೆ ಹೆಬ್ಬಾತು, ಇನ್ನೊಂದು ತುದಿಗೆ ಉಪ್ಪಿಟ್ಟು. ಡೊರೊತಿ ಮೊದಲು ಹಕ್ಕಿಯ ಒಂದು ತೊಡೆಯನ್ನು ಕತ್ತರಿಸಿ ಬೇರೆ ಬಟ್ಟಲಲ್ಲಿಟ್ಟು ಮುಚ್ಚಿದರು. "ಇದು ಇವರಿಗೆ, ನಾಳೆ," ಅಂದರು. ಸುಮಿತ್ರಾ ಬೆರಗಾಗಿ ನೋಡುತ್ತಿದ್ದಳು. ಅವಳ ತಟ್ಟೆಯಲ್ಲಿ ಇನ್ನೂ ಏನೂ ಇರಲಿಲ್ಲ.

ಉಣ್ಣುವ ಮೊದಲು ಪ್ರಾರ್ಥನೆ. ಎಲ್ಲರೂ ತಲೆ ತಗ್ಗಿಸಿದೆವು. ಡೊರೊತಿ ದೇವರಿಗೆ ಊಟಕ್ಕಾಗಿ ವಂದಿಸಿ, ಅದೇ ದನಿಯಲ್ಲಿ ಮುಂದುವರಿಸಿದರು: "ರಾಬಿನ್ ಉಳಿಯಲೆಂದು ಮೇ ತಿಂಗಳಿನಿಂದ ಶನಿವಾರಗಳಲ್ಲಿ ಹಸಿದುಕೊಂಡಿದ್ದ ಅವನ ಅಜ್ಜಿಗೂ ವಂದನೆ. ಹತ್ತಿರದಲ್ಲೇ ಇದ್ದ ಇನ್ನೊಬ್ಬ ಅಜ್ಜಿ ಅಷ್ಟನ್ನೂ ಮಾಡಲಿಲ್ಲ."

ಯಾರೂ ಆಮೆನ್ ಹೇಳಲಿಲ್ಲ.

ಸುಮಿತ್ರಾ ತಾಯಿಯ ಕಡೆ ತಿರುಗಿದಳು. ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಮಗಳ ಮುಖ ಕಂಡು ಏನು ನಡೆಯಿತೆಂದು ತಿಳಿದುಹೋಗಿತ್ತು.

"ಐದ್ನೇ ತಿಂಗಳಿಂದಾನೇನಮ್ಮ?"

"ಉಣ್ಣು. ಆರೋಗ್ತೈತೆ." ಅಕ್ಕ ಎದ್ದು, ಬಾಣಲೆಯಿಂದ ಒಂದು ಸೌಟು ಉಪ್ಪಿಟ್ಟನ್ನು ಮಗಳ ತಟ್ಟೆಗೆ ಹಾಕಿದಳು. ಅದರ ಪಕ್ಕದಲ್ಲಿ ಡೊರೊತಿ ಎರಡು ತುಂಡು ಮಾಂಸ ಇಟ್ಟರು.

"ಯಾವತ್ತಿಗೆ ಮುಗಿಯುತ್ತೆ ಹರಕೆ?"

"ನೀನು ಕೂಸ್ನ ಎತ್ಕೊಂಡು ಮಧುರೆಗೆ ಬಂದು ಮುಡಿ ಕೊಟ್ಟ ದಿನ."

ಸುಮಿತ್ರಾ ಚಮಚ ಹಿಡಿದುಕೊಂಡೇ ಕೂತಿದ್ದಳು. "ಬರ್ಬೋದು ನಾನು," ಅಂದಳು. "ಅಪ್ಪ ಮನೆಯೊಳಕ್ಕೆ ಸೇರಿಸ್ತಾರಾ?"

ಅಕ್ಕ ಇನ್ನೊಂದು ಸೌಟು ಹಾಕಿದಳು. ಅವಳು ಆಮೇಲೆ ಹೇಳಿದ್ದು ನನಗೂ ಅದುವರೆಗೆ ಗೊತ್ತಿರಲಿಲ್ಲ.

"ಕಾಗದ ಓದಿದ ದಿನ ಮಧುರೆಗೆ ನಡಿ ಅಂದೋರೇ ಅವ್ರು. ನಿಮ್ಮಪ್ಪನೂ ಶನಿವಾರ ಉಣ್ಣಲ್ಲ ಕಣೇ."